ಅಭಿವೃದ್ಧಿ ಅರ್ಥಶಾಸ್ತ್ರ: ಎಂ.ಎ. ತರಗತಿಯಲ್ಲಿ ಏನು ಕಲಿಯುತ್ತೇವೆ?



ಬಿ.ಎ. ಅಂತಿಮ ವರ್ಷದ ಫಲಿತಾಂಶ ಬಂದ ದಿನ ಬಹಳಷ್ಟು ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: "ಮುಂದೇನು ಮಾಡ್ತೀಯಪ್ಪಾ?" ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡುತ್ತೇನೆ ಎಂದರೆ, "ಬ್ಯಾಂಕ್ ಪರೀಕ್ಷೆಗೆ ಅದು ಬೇಕೇನು?" ಎಂದು ಕೇಳುತ್ತಾರೆ. ಅದರಲ್ಲೂ ಅಭಿವೃದ್ಧಿ ಅರ್ಥಶಾಸ್ತ್ರವನ್ನು ಆರಿಸಿಕೊಳ್ಳುತ್ತೇನೆ ಎಂದರಂತೂ, "ಅದೇನು, ತಾಲ್ಲೂಕು ಆಫೀಸಿನ ಕೆಲಸವಾ?" ಎಂದು ಹಿರಿಯರು ಹುಬ್ಬೇರಿಸುವುದುಂಟು. ಕೇಳುವವರ ತಪ್ಪೇನೂ ಇಲ್ಲ. ಆ ವಿಷಯದಲ್ಲಿ ಏನಿದೆ, ಎರಡು ವರ್ಷ ಕೂತು ಓದುವಂಥದ್ದು ಏನು ಎಂಬುದನ್ನು ಯಾರೂ ಅವರಿಗೆ ಬಿಡಿಸಿ ಹೇಳಿರುವುದಿಲ್ಲ. ಎಷ್ಟೋ ವೇಳೆ ಸೇರಬೇಕೆಂದು ಹೊರಟ ವಿದ್ಯಾರ್ಥಿಗೂ ಅದು ಸ್ಪಷ್ಟವಾಗಿ ಗೊತ್ತಿರುವುದಿಲ್ಲ.

ಈ ಲೇಖನದಲ್ಲಿ ಆ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ. ಪಠ್ಯಕ್ರಮದ ಪಟ್ಟಿಯನ್ನು ಒಪ್ಪಿಸುವ ಬದಲು, ಆ ತರಗತಿಯಲ್ಲಿ ಒಂದು ಪ್ರಶ್ನೆಯನ್ನು ಹೇಗೆ ಹಿಡಿದು ನೋಡುತ್ತಾರೆ ಎಂಬುದನ್ನು ಉದಾಹರಣೆಗಳ ಮೂಲಕ ತಿಳಿಯೋಣ.

ಬೆಳವಣಿಗೆ ಬೇರೆ, ಅಭಿವೃದ್ಧಿ ಬೇರೆ

ಪಿ.ಯು.ಸಿ. ತರಗತಿಯಲ್ಲೇ ನೀವು ಈ ಎರಡು ಪದಗಳ ವ್ಯತ್ಯಾಸ ಓದಿರುತ್ತೀರಿ. ಒಂದು ದೇಶದ ಒಟ್ಟು ಉತ್ಪನ್ನ ಹೆಚ್ಚುವುದು ಬೆಳವಣಿಗೆ. ಆ ಹೆಚ್ಚಳದಿಂದ ಜನರ ಬದುಕು ಹಸನಾಗುವುದು ಅಭಿವೃದ್ಧಿ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಸಿಗುತ್ತದೆ. ಆದರೆ ಈ ವ್ಯತ್ಯಾಸ ಅರ್ಥಶಾಸ್ತ್ರಜ್ಞರಿಗೆ ಹೊಳೆಯಲು ಸಾಕಷ್ಟು ಕಾಲ ಹಿಡಿಯಿತು.

ಎರಡನೆಯ ಮಹಾಯುದ್ಧದ ನಂತರ ಏಷ್ಯ, ಆಫ್ರಿಕಗಳಲ್ಲಿ ಒಂದರ ಹಿಂದೊಂದು ದೇಶಗಳು ಸ್ವತಂತ್ರವಾದವು. ಈ ಬಡ ದೇಶಗಳು ಬೇಗ ಮೇಲೇಳುವುದು ಹೇಗೆ ಎಂಬ ಪ್ರಶ್ನೆಯೇ ಈ ಶಾಸ್ತ್ರದ ಹುಟ್ಟಿಗೆ ಕಾರಣ. ಕೆರಿಬಿಯನ್ ದ್ವೀಪವಾದ ಸೇಂಟ್ ಲೂಸಿಯದಲ್ಲಿ ಹುಟ್ಟಿದ ಆರ್ಥರ್ ಲೂಯಿಸ್ 1954ರಲ್ಲಿ ಒಂದು ಪ್ರಸಿದ್ಧ ಲೇಖನ ಬರೆದರು. ಬಡ ದೇಶಗಳ ಬೇಸಾಯದಲ್ಲಿ ಅಗತ್ಯಕ್ಕಿಂತ ಹೆಚ್ಚು ಜನ ತುಂಬಿಕೊಂಡಿದ್ದಾರೆ. ಅವರಲ್ಲಿ ಕೆಲವರು ಹೊರಟುಹೋದರೂ ಬೆಳೆ ಕಡಿಮೆಯಾಗುವುದಿಲ್ಲ. ಅವರನ್ನು ಕೈಗಾರಿಕೆಗೆ ಸೆಳೆದುಕೊಂಡರೆ ದೇಶ ಬೆಳೆಯುತ್ತದೆ ಎಂಬುದು ಅವರ ವಾದ. 1979ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಇದಕ್ಕೆ ತೀರ ಹತ್ತಿರವಾದ ವಿಚಾರವನ್ನು ಡಾ. ಬಿ.ಆರ್. ಅಂಬೇಡ್ಕರ್ ಅವರು 1918ರಲ್ಲೇ ಭಾರತದ ಸಣ್ಣ ಹಿಡುವಳಿಗಳ ಬಗ್ಗೆ ಬರೆದ ಲೇಖನದಲ್ಲಿ ಮಂಡಿಸಿದ್ದರು. ತುಂಡು ಜಮೀನುಗಳನ್ನು ಕೂಡಿಸಿದರಷ್ಟೇ ಸಾಲದು, ಜಮೀನಿನ ಮೇಲೆ ಬಿದ್ದಿರುವ ಹೆಚ್ಚುವರಿ ಜನರಿಗೆ ಬೇರೆ ಕೆಲಸ ಬೇಕು, ಅದಕ್ಕೆ ಕೈಗಾರಿಕೆ ಬೇಕು ಎಂಬುದು ಅವರ ನಿಲುವಾಗಿತ್ತು. ಅಂಬೇಡ್ಕರ್ ಅವರನ್ನು ಸಂವಿಧಾನದ ಶಿಲ್ಪಿ ಎಂದು ಎಲ್ಲರೂ ಬಲ್ಲರು. ಅವರು ಮೊದಲು ಅರ್ಥಶಾಸ್ತ್ರಜ್ಞರು ಎಂಬುದನ್ನು ಎಂ.ಎ. ತರಗತಿಗೆ ಬಂದ ಮೇಲೆಯೇ ಅನೇಕರು ತಿಳಿಯುತ್ತಾರೆ.

ದೇಶದ ಒಟ್ಟು ಉತ್ಪನ್ನ ಏರಿದರೆ ಬಡತನ ತಾನಾಗಿ ಕರಗುತ್ತದೆ ಎಂಬ ನಂಬಿಕೆ 1970ರ ದಶಕದ ಹೊತ್ತಿಗೆ ಸಡಿಲಗೊಂಡಿತು. 1971ರಲ್ಲಿ ವಿ.ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ ಭಾರತದ ಬಡತನದ ಬಗ್ಗೆ ನಡೆಸಿದ ಅಧ್ಯಯನ ಪ್ರಕಟವಾಗಿ ದೊಡ್ಡ ಚರ್ಚೆ ಎಬ್ಬಿಸಿತು. 1981ರಲ್ಲಿ ಅಮರ್ತ್ಯ ಸೇನ್ ಅವರು ಬಡತನ ಮತ್ತು ಕ್ಷಾಮಗಳ ಕುರಿತ ತಮ್ಮ ಗ್ರಂಥದಲ್ಲಿ 1943ರ ಬಂಗಾಳದ ಕ್ಷಾಮವನ್ನು ಮತ್ತೆ ಪರಿಶೀಲಿಸಿದರು. ಅವರ ಲೆಕ್ಕದ ಪ್ರಕಾರ, ಆ ವರ್ಷ ಬಂಗಾಳದಲ್ಲಿದ್ದ ಆಹಾರ ಧಾನ್ಯ ಕ್ಷಾಮವಿಲ್ಲದ 1941ಕ್ಕಿಂತ ಹೆಚ್ಚೇ ಇತ್ತು. ಅಕ್ಕಿ ಇತ್ತು, ಕೂಲಿಕಾರನ ಕೈಯಲ್ಲಿ ಅದನ್ನು ಕೊಳ್ಳುವ ಶಕ್ತಿ ಇರಲಿಲ್ಲ. ಯುದ್ಧಕಾಲದ ಬೆಲೆ ಏರಿಕೆಗೆ ಸಮನಾಗಿ ಅವನ ಕೂಲಿ ಏರಲಿಲ್ಲ. ಈ ಅಂಕಿಗಳ ಬಗ್ಗೆ ವಿದ್ವಾಂಸರಲ್ಲಿ ವಾದವಿವಾದ ನಡೆದಿದೆ. ಆದರೆ "ಊರಿನಲ್ಲಿ ಎಷ್ಟು ಧಾನ್ಯ ಇದೆ?" ಎಂಬ ಪ್ರಶ್ನೆಯ ಜೊತೆಗೆ "ಅದು ಯಾರಿಗೆ ದಕ್ಕುತ್ತದೆ?" ಎಂಬ ಪ್ರಶ್ನೆಯನ್ನೂ ಕೇಳಲೇಬೇಕು ಎಂಬುದು ಅಂದಿನಿಂದ ಈ ಶಾಸ್ತ್ರದಲ್ಲಿ ನಿಂತುಹೋಯಿತು.

1990ರಲ್ಲಿ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಅವರ ನೇತೃತ್ವದಲ್ಲಿ ವಿಶ್ವಸಂಸ್ಥೆಯ ಮೊದಲ ಮಾನವ ಅಭಿವೃದ್ಧಿ ವರದಿ ಹೊರಬಂತು. ಆಯುಷ್ಯ, ಶಿಕ್ಷಣ, ಆದಾಯ ಈ ಮೂರನ್ನೂ ಸೇರಿಸಿ ದೇಶಗಳನ್ನು ಅಳೆಯುವ ಕ್ರಮ ಹೀಗೆ ಬಂತು. ನಮ್ಮ ಕರ್ನಾಟಕ 1999ರಲ್ಲಿ ತನ್ನದೇ ಮಾನವ ಅಭಿವೃದ್ಧಿ ವರದಿಯನ್ನು ಪ್ರಕಟಿಸಿತು.

"ಅದು ನಿಮಗೆ ಹೇಗೆ ಗೊತ್ತು?"

ಪದವಿ ತರಗತಿಗೂ ಸ್ನಾತಕೋತ್ತರ ತರಗತಿಗೂ ಇರುವ ಮುಖ್ಯ ವ್ಯತ್ಯಾಸವನ್ನು ಒಂದು ಪ್ರಶ್ನೆಯಲ್ಲಿ ಹೇಳಬಹುದು. ಬಿ.ಎ.ಯಲ್ಲಿ "ಬಡತನದ ಕಾರಣಗಳನ್ನು ವಿವರಿಸಿ" ಎಂದು ಕೇಳುತ್ತಾರೆ. ನೀವು ಎಂಟು ಕಾರಣಗಳನ್ನು ಬರೆಯುತ್ತೀರಿ. ಎಂ.ಎ.ಯಲ್ಲಿ ಮೇಷ್ಟರು ಆ ಎಂಟರಲ್ಲಿ ಒಂದರ ಮೇಲೆ ಬೆರಳಿಟ್ಟು, "ಇದೇ ಕಾರಣ ಎಂದು ನಿಮಗೆ ಹೇಗೆ ಗೊತ್ತು?" ಎಂದು ಕೇಳುತ್ತಾರೆ.

ಈ ಪ್ರಶ್ನೆಗೆ ಉತ್ತರಿಸಲು ಬೇಕಾದ ಸಲಕರಣೆಗಳನ್ನೇ ಮೊದಲ ವರ್ಷ ಕಲಿಸುತ್ತಾರೆ. ಸೂಕ್ಷ್ಮ ಅರ್ಥಶಾಸ್ತ್ರ, ಸಮಗ್ರ ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ಮತ್ತು ಅರ್ಥಮಿತಿಶಾಸ್ತ್ರ ಇವು ಬುನಾದಿ. ಎರಡನೆಯ ವರ್ಷ ಅಭಿವೃದ್ಧಿ ಅರ್ಥಶಾಸ್ತ್ರ, ಕೃಷಿ ಅರ್ಥಶಾಸ್ತ್ರ, ಸಾರ್ವಜನಿಕ ಹಣಕಾಸು, ಆರೋಗ್ಯ, ಪರಿಸರ ಮುಂತಾದ ಆಯ್ಕೆಯ ವಿಷಯಗಳು ಬರುತ್ತವೆ. ಹಲವು ಕಡೆ ಕೊನೆಯಲ್ಲಿ ಒಂದು ಕಿರು ಪ್ರಬಂಧವನ್ನೂ ಬರೆಯಬೇಕು. ಬಡವರ ಬಗ್ಗೆ ಕಾಳಜಿಯಿಂದ ಸೇರಿದ ವಿದ್ಯಾರ್ಥಿಗೆ ಮೊದಲ ಸೆಮಿಸ್ಟರ್‌ನಲ್ಲಿ ಬರೀ ಕಲನಶಾಸ್ತ್ರ, ಮ್ಯಾಟ್ರಿಕ್ಸ್‌ಗಳನ್ನು ಕಂಡು ನಿರಾಸೆಯಾಗುವುದು ಸಹಜ. ಈ ಗಣಿತ ಏಕೆ ಬೇಕು ಎಂಬುದು ಮುಂದಿನ ಉದಾಹರಣೆಯಿಂದ ಸ್ಪಷ್ಟವಾದೀತು.

ಒಂದು ಸೈಕಲ್ಲಿನ ಲೆಕ್ಕ

ಬಿಹಾರ ಸರ್ಕಾರ 2006ರಲ್ಲಿ ಒಂದು ಯೋಜನೆ ತಂದಿತು. ಒಂಬತ್ತನೆಯ ತರಗತಿಗೆ ಸೇರುವ ಪ್ರತಿ ಹುಡುಗಿಗೂ ಸೈಕಲ್ ಕೊಳ್ಳಲು 2,000 ರೂಪಾಯಿ ಕೊಡುವ ಯೋಜನೆ ಅದು. ಪ್ರೌಢಶಾಲೆ ದೂರ, ನಡೆದು ಹೋಗಲು ಕಷ್ಟ, ಆದ್ದರಿಂದ ಹುಡುಗಿಯರು ಎಂಟನೆಯ ತರಗತಿಗೇ ಓದು ಬಿಡುತ್ತಾರೆ ಎಂಬ ಅಂದಾಜಿನ ಮೇಲೆ ಇದನ್ನು ರೂಪಿಸಲಾಗಿತ್ತು. ನಮ್ಮ ರಾಜ್ಯದಲ್ಲೂ 2006-07ರಲ್ಲಿ ಪ್ರೌಢಶಾಲಾ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭವಾಯಿತು. ನಿಮ್ಮಲ್ಲಿ ಕೆಲವರ ಅಕ್ಕಂದಿರು, ಅಣ್ಣಂದಿರು ಆ ಸೈಕಲ್ಲುಗಳಲ್ಲೇ ಶಾಲೆಗೆ ಹೋಗಿರಬಹುದು.

ಯೋಜನೆ ಬಂದ ಮೇಲೆ ಬಿಹಾರದ ಪ್ರೌಢಶಾಲೆಗಳಲ್ಲಿ ಹುಡುಗಿಯರ ಸಂಖ್ಯೆ ಹೆಚ್ಚಿತು. ಸೈಕಲ್ಲಿನಿಂದಲೇ ಹೆಚ್ಚಿತು ಎನ್ನಬಹುದೇ?

ಸ್ವಲ್ಪ ಯೋಚಿಸಿ. ಅದೇ ವರ್ಷಗಳಲ್ಲಿ ಬಿಹಾರದಲ್ಲಿ ರಸ್ತೆಗಳಾದವು, ಕಾನೂನು ಸುವ್ಯವಸ್ಥೆ ಸುಧಾರಿಸಿತು, ಜನರ ಆದಾಯ ಹೆಚ್ಚಿತು. ಸೈಕಲ್ ಕೊಡದಿದ್ದರೂ ಹುಡುಗಿಯರು ಶಾಲೆಗೆ ಬರುತ್ತಿದ್ದರೋ ಏನೋ. ಹೀಗಾಗಿ ಕೊಡುವ ಮೊದಲು ಎಷ್ಟು, ಕೊಟ್ಟ ಮೇಲೆ ಎಷ್ಟು ಎಂಬ ಸರಳ ಹೋಲಿಕೆ ಇಲ್ಲಿ ಸಾಲದು. ನಮಗೆ ಬೇಕಾದದ್ದು ಇದು: ಸೈಕಲ್ ಕೊಡದೆ ಇದ್ದಿದ್ದರೆ ಅದೇ ಬಿಹಾರದಲ್ಲಿ ಏನಾಗುತ್ತಿತ್ತು? ಆದರೆ ಅಂಥ ಬಿಹಾರ ಎಲ್ಲೂ ಇಲ್ಲ. ಅದಕ್ಕೆ ಹತ್ತಿರವಾದದ್ದನ್ನು ಹುಡುಕಬೇಕು.

ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ಹೀಗೆ ಹುಡುಕಿದರು. ಮೊದಲನೆಯದಾಗಿ, ಯೋಜನೆಯ ಲಾಭ ಪಡೆಯಬಹುದಾದ 14-15 ವರ್ಷದ ಹುಡುಗಿಯರನ್ನು, ಯೋಜನೆ ಬರುವ ಹೊತ್ತಿಗೆ ಆ ಹಂತ ದಾಟಿದ್ದ 16-17 ವರ್ಷದ ಹುಡುಗಿಯರ ಜೊತೆ ಹೋಲಿಸಿದರು. ಎರಡನೆಯದಾಗಿ, ಅದೇ ವಯಸ್ಸಿನ ಹುಡುಗರನ್ನು ನೋಡಿದರು. ರಸ್ತೆ ಸುಧಾರಿಸಿದರೆ ಹುಡುಗರಿಗೂ ಅನುಕೂಲ. ಆದರೆ ಆ ಹಂತದಲ್ಲಿ ಸೈಕಲ್ಲಿನ ಹಣ ಹುಡುಗಿಯರಿಗೆ ಮಾತ್ರ. ಮೂರನೆಯದಾಗಿ, ಪಕ್ಕದ ಜಾರ್ಖಂಡ್ ರಾಜ್ಯವನ್ನು ನೋಡಿದರು. 2000ದ ನವೆಂಬರ್‌ವರೆಗೆ ಜಾರ್ಖಂಡ್ ಬಿಹಾರದ ಭಾಗವೇ ಆಗಿತ್ತು. ಅಲ್ಲಿ ಈ ಯೋಜನೆ ಇರಲಿಲ್ಲ.

ಇದರ ಲೆಕ್ಕ ಹೇಗೆ ಎಂಬುದನ್ನು ತಿಳಿಯಲು ಕೆಲವು ಕಲ್ಪಿತ ಸಂಖ್ಯೆಗಳನ್ನು ಇಟ್ಟುಕೊಳ್ಳೋಣ. ಇವು ನಿಜವಾದ ಅಂಕಿಗಳಲ್ಲ, ತಿಳಿವಳಿಕೆಗಾಗಿ ಮಾತ್ರ.

ಬಿಹಾರದಲ್ಲಿ ಪ್ರೌಢಶಾಲೆ ಸೇರಿದ ಹುಡುಗಿಯರು 100ಕ್ಕೆ 30 ಇದ್ದವರು 45 ಆದರು ಎಂದುಕೊಳ್ಳಿ. ಹೆಚ್ಚಳ 15. ಹುಡುಗರು 45ರಿಂದ 52ಕ್ಕೆ ಏರಿದರು. ಹೆಚ್ಚಳ 7. ಹುಡುಗರಿಗಿಂತ ಹುಡುಗಿಯರ ಹೆಚ್ಚಳ 8ರಷ್ಟು ಜಾಸ್ತಿ. ಈ 8 ಪೂರ್ತಿ ಸೈಕಲ್ಲಿನದೇ? ಜಾರ್ಖಂಡ್ ನೋಡೋಣ. ಅಲ್ಲಿ ಹುಡುಗಿಯರು 32ರಿಂದ 40ಕ್ಕೆ, ಅಂದರೆ 8 ಹೆಚ್ಚಳ. ಹುಡುಗರು 46ರಿಂದ 51ಕ್ಕೆ, ಅಂದರೆ 5 ಹೆಚ್ಚಳ. ಸೈಕಲ್ ಇಲ್ಲದೆಯೂ ಅಲ್ಲಿ ಹುಡುಗಿಯರು 3ರಷ್ಟು ಮುಂದೆ ಬಂದರು. ಎಂಟರಲ್ಲಿ ಈ ಮೂರನ್ನು ಕಳೆದರೆ ಉಳಿಯುವುದು 5. ಈ ಐದನ್ನು ಸೈಕಲ್ಲಿನ ಖಾತೆಗೆ ಬರೆಯಬಹುದು.

ನೋಡಿ, ಇಲ್ಲಿ ಇರುವುದು ಮೂರು ಬಾರಿಯ ವ್ಯವಕಲನ, ಅಷ್ಟೇ. ಮೂರನೆಯ ತರಗತಿಯ ಮಗುವೂ ಕಳೆಯಬಲ್ಲದು. ಆದರೆ ಏನನ್ನು ಏನರಿಂದ ಕಳೆಯಬೇಕು, ಏಕೆ ಕಳೆಯಬೇಕು ಎಂಬುದನ್ನು ತಿಳಿಯಲು ಎರಡು ವರ್ಷದ ಓದು ಬೇಕು. ಜಾರ್ಖಂಡ್ ಸರಿಯಾದ ಹೋಲಿಕೆಯೇ? ಈ ಐದು ಎಂಬುದು ಆಕಸ್ಮಿಕವಾಗಿ ಬಂದಿರಬಹುದೇ? ಇಂಥ ಸಂದೇಹಗಳನ್ನು ಪರೀಕ್ಷಿಸಲು ಸಂಖ್ಯಾಶಾಸ್ತ್ರ, ಅರ್ಥಮಿತಿಶಾಸ್ತ್ರ ಬೇಕಾಗುತ್ತವೆ.

ನಿಜವಾದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಯೋಜನೆಯಿಂದ ಹುಡುಗಿಯರ ಪ್ರೌಢಶಾಲಾ ಸೇರ್ಪಡೆ ಶೇ. 32ರಷ್ಟು ಹೆಚ್ಚಿತು, ಹುಡುಗ-ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ತಗ್ಗಿತು ಎಂಬುದು ಅದರ ಫಲಿತಾಂಶ. ಇಲ್ಲಿ ಒಂದು ಎಚ್ಚರಿಕೆ. ಶೇ. 32ರ ಹೆಚ್ಚಳ ಎಂದರೆ 100 ಹುಡುಗಿಯರಲ್ಲಿ ಹೊಸದಾಗಿ 32 ಮಂದಿ ಸೇರಿದರು ಎಂದಲ್ಲ. ಮೊದಲು ಎಷ್ಟು ಇತ್ತೋ ಅದರ ಮೇಲೆ ಶೇ. 32. ಪತ್ರಿಕೆ ಓದುವಾಗ ಈ ವ್ಯತ್ಯಾಸ ನೆನಪಿನಲ್ಲಿರಲಿ.

ಸಂಶೋಧಕರು ಅಷ್ಟಕ್ಕೇ ನಿಲ್ಲಲಿಲ್ಲ. ಸೈಕಲ್ಲೇ ಕಾರಣವಾದರೆ ಶಾಲೆ ದೂರವಿರುವ ಹಳ್ಳಿಗಳಲ್ಲಿ ಪರಿಣಾಮ ಹೆಚ್ಚಿರಬೇಕು, ಶಾಲೆ ಮನೆಯ ಹತ್ತಿರವೇ ಇರುವಲ್ಲಿ ಕಡಿಮೆ ಇರಬೇಕು. ಪರೀಕ್ಷಿಸಿ ನೋಡಿದಾಗ ಹಾಗೆಯೇ ಕಂಡಿತು. ಪ್ರೌಢಶಾಲೆ 3 ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿಯೇ ಹೆಚ್ಚಳ ಮುಖ್ಯವಾಗಿ ಕಂಡುಬಂತು. ಹೀಗೆ ಒಂದು ಊಹೆಯನ್ನು ಎರಡು ಮೂರು ದಿಕ್ಕಿನಿಂದ ತಟ್ಟಿ ನೋಡುವುದೇ ಈ ಶಾಸ್ತ್ರದ ರೀತಿ. ಮಡಕೆ ಕೊಳ್ಳುವಾಗ ಅಜ್ಜಿ ಬೆರಳಿನಿಂದ ಸುತ್ತಲೂ ತಟ್ಟಿ ಶಬ್ದ ಕೇಳುತ್ತಿದ್ದಳಲ್ಲ, ಹಾಗೆ.

ಚೀಟಿ ಎತ್ತಿದ ಪಂಚಾಯಿತಿ

ಕೆಲವೊಮ್ಮೆ ಕಾನೂನೇ ಸಂಶೋಧಕರಿಗೆ ಹೋಲಿಕೆಯನ್ನು ಒದಗಿಸಿಬಿಡುತ್ತದೆ. 1992ರ ಸಂವಿಧಾನದ 73ನೆಯ ತಿದ್ದುಪಡಿ ಪಂಚಾಯಿತಿಗಳಲ್ಲಿ ಮೂರನೆಯ ಒಂದು ಭಾಗದಷ್ಟು ಅಧ್ಯಕ್ಷ ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. ಇದಕ್ಕೂ ಮೊದಲೇ, 1983ರ ಕಾಯಿದೆಯ ಮೂಲಕ ಕರ್ನಾಟಕ ಮಹಿಳೆಯರಿಗೆ ಶೇ. 25 ಸ್ಥಾನಗಳನ್ನು ಮೀಸಲಿಟ್ಟು 1987ರಲ್ಲಿ ಚುನಾವಣೆ ನಡೆಸಿತ್ತು ಎಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ.

"ಹೆಂಗಸರು ಅಧ್ಯಕ್ಷರಾದರೆ ಏನಾಯಿತು? ಹಿಂದೆ ಕೂತು ನಡೆಸುವವನು ಗಂಡನೇ ತಾನೆ?" ಎಂದು ಹೇಳುವವರನ್ನು ನೀವು ಕೇಳಿರುತ್ತೀರಿ. ಇದನ್ನು ಪರೀಕ್ಷಿಸಲು ಸಾಧ್ಯವೇ? ಯಾವ ಪಂಚಾಯಿತಿ ಮೀಸಲು ಎಂಬುದು ಸರದಿಯಂತೆ, ಚೀಟಿ ಎತ್ತಿದ ಹಾಗೆ ನಿರ್ಧಾರವಾದರೆ, ಮೀಸಲಾದ ಹಳ್ಳಿಗಳಿಗೂ ಆಗದ ಹಳ್ಳಿಗಳಿಗೂ ಬೇರೆ ವ್ಯತ್ಯಾಸಗಳು ಇರುವುದಿಲ್ಲ. ಆಮೇಲೆ ಕಾಣುವ ವ್ಯತ್ಯಾಸವೆಲ್ಲ ಅಧ್ಯಕ್ಷೆಯಿಂದ ಬಂದದ್ದು ಎನ್ನಬಹುದು. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ ಅವರು ಪಶ್ಚಿಮ ಬಂಗಾಳದ ಬೀರ್‌ಭೂಮ್ ಮತ್ತು ರಾಜಸ್ಥಾನದ ಉದಯಪುರ ಜಿಲ್ಲೆಗಳ ಪಂಚಾಯಿತಿಗಳನ್ನು ಹೀಗೆ ಅಧ್ಯಯನ ಮಾಡಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಹಿಳೆ ಅಧ್ಯಕ್ಷೆಯಾಗಿದ್ದಲ್ಲಿ ಎರಡೂ ಕಡೆ ಕುಡಿಯುವ ನೀರಿನ ಕೆಲಸಕ್ಕೆ ಹೆಚ್ಚು ಗಮನ ಸಿಕ್ಕಿತ್ತು. ರಸ್ತೆಯ ವಿಷಯದಲ್ಲಿ ಮಾತ್ರ ಬಂಗಾಳದಲ್ಲಿ ಹೆಚ್ಚು, ರಾಜಸ್ಥಾನದಲ್ಲಿ ಕಡಿಮೆ. ಆಯಾ ಊರಿನ ಹೆಂಗಸರು ಪಂಚಾಯಿತಿಗೆ ಹೇಳಿಕೊಳ್ಳುತ್ತಿದ್ದ ಅಹವಾಲುಗಳೂ ಹಾಗೆಯೇ ಇದ್ದವು.

ಸರ್ಕಾರ ಚೀಟಿ ಎತ್ತದಿದ್ದಾಗ ಸಂಶೋಧಕರೇ ಚೀಟಿ ಎತ್ತಿ ಪ್ರಯೋಗ ನಡೆಸುವುದೂ ಉಂಟು. ಹೊಸ ತಳಿಯ ರಾಗಿಯನ್ನು ಪರೀಕ್ಷಿಸಲು ಹೊಲವನ್ನು ಪಟ್ಟಿಗಳಾಗಿ ಮಾಡಿ ಕೆಲವು ಪಟ್ಟಿಗೆ ಹೊಸ ಬೀಜ, ಕೆಲವಕ್ಕೆ ಹಳೆಯ ಬೀಜ ಹಾಕುತ್ತಾರಲ್ಲ, ಅದೇ ತತ್ವ. ಈ ಮಾರ್ಗದಲ್ಲಿ ದುಡಿದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ, ಮೈಕೆಲ್ ಕ್ರೆಮರ್ ಅವರಿಗೆ 2019ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಕೋಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದ ಬ್ಯಾನರ್ಜಿ ಅವರು ಎಂ.ಎ. ಓದಿದ್ದು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ.

ಈ ಮಾರ್ಗಕ್ಕೆ ಆಕ್ಷೇಪಣೆಗಳೂ ಇವೆ. ಒಂದು ಜಿಲ್ಲೆಯಲ್ಲಿ ನಿಜವಾದದ್ದು ಇನ್ನೊಂದು ಜಿಲ್ಲೆಯಲ್ಲಿ ನಿಜವಾಗಬೇಕೆಂದಿಲ್ಲ. ದೇಶದ ವ್ಯಾಪಾರ ನೀತಿ, ಭೂಸುಧಾರಣೆ, ರೂಪಾಯಿಯ ಮೌಲ್ಯ ಇಂಥ ದೊಡ್ಡ ವಿಷಯಗಳಲ್ಲಿ ಚೀಟಿ ಎತ್ತಲು ಬರುವುದಿಲ್ಲ. ಸಹಾಯ ಬೇಕಾದ ಎರಡು ಕುಟುಂಬಗಳಲ್ಲಿ ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ಕೊಡದಿರುವುದು ಸರಿಯೇ ಎಂಬ ನೈತಿಕ ಪ್ರಶ್ನೆಯೂ ಇದೆ. 2015ರಲ್ಲಿ ನೊಬೆಲ್ ಪಡೆದ ಆಂಗಸ್ ಡೀಟನ್ ಅವರೇ ಈ ವಿಧಾನದ ಅತಿಯಾದ ನಂಬಿಕೆಯನ್ನು ಟೀಕಿಸಿದ್ದಾರೆ. ಎಂ.ಎ. ತರಗತಿಯಲ್ಲಿ ಎರಡೂ ಪಕ್ಷಗಳನ್ನು ಓದಿಸುತ್ತಾರೆ, ತೀರ್ಮಾನ ನಿಮ್ಮದು.

ಬಡವರನ್ನು ಎಣಿಸುವುದು ಸುಲಭವಲ್ಲ

ಇಷ್ಟೆಲ್ಲ ಲೆಕ್ಕಕ್ಕೂ ಆಧಾರ ಮನೆಮನೆಗೆ ಹೋಗಿ ಕೇಳಿ ತಂದ ಮಾಹಿತಿ. ನಮ್ಮ ದೇಶದಲ್ಲಿ ಪಿ.ಸಿ. ಮಹಲನೋಬಿಸ್ ಅವರ ಪ್ರೇರಣೆಯಿಂದ 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. ಕುಟುಂಬಗಳು ಏನು ಉಣ್ಣುತ್ತವೆ, ಎಷ್ಟು ಖರ್ಚು ಮಾಡುತ್ತವೆ ಎಂಬುದನ್ನು ಅದು ದಾಖಲಿಸುತ್ತ ಬಂದಿದೆ. 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆಯೊಂದು ಹಳ್ಳಿಯಲ್ಲಿ ದಿನಕ್ಕೆ 2,400, ಪಟ್ಟಣದಲ್ಲಿ 2,100 ಕ್ಯಾಲೊರಿ ಆಹಾರವನ್ನು ಆಧಾರವಾಗಿಟ್ಟು ಬಡತನದ ರೇಖೆ ಎಳೆಯಿತು. 1973-74ರ ಬೆಲೆಯಲ್ಲಿ ಹಳ್ಳಿಯಲ್ಲಿ ತಲೆಗೆ ತಿಂಗಳಿಗೆ ಸುಮಾರು 49 ರೂಪಾಯಿ, ಪಟ್ಟಣದಲ್ಲಿ ಸುಮಾರು 57 ರೂಪಾಯಿ.

1993-94ರಲ್ಲಿ ಭಾರತದ ಬಡವರ ಪ್ರಮಾಣ ಸುಮಾರು ಶೇ. 36 ಎಂದು ಲೆಕ್ಕ ಹಾಕಲಾಗಿತ್ತು. 1999-2000ದ ಸಮೀಕ್ಷೆಯ ನಂತರ ಅದು ಸುಮಾರು ಶೇ. 26ಕ್ಕೆ ಇಳಿಯಿತು ಎಂದು ಪ್ರಕಟವಾಯಿತು. ಆರು ವರ್ಷದಲ್ಲಿ ಇಷ್ಟು ದೊಡ್ಡ ಇಳಿಕೆ! ಆದರೆ ಆ ಬಾರಿ ಪ್ರಶ್ನಾವಳಿಯಲ್ಲಿ ಒಂದು ಬದಲಾವಣೆಯಾಗಿತ್ತು. ಮೊದಲು "ಕಳೆದ 30 ದಿನದಲ್ಲಿ ಎಷ್ಟು ಅಕ್ಕಿ, ಬೇಳೆ, ಎಣ್ಣೆ ಬಳಸಿದಿರಿ?" ಎಂದು ಕೇಳುತ್ತಿದ್ದರು. ಈ ಬಾರಿ ಆಹಾರಕ್ಕೆ ಸಂಬಂಧಿಸಿ "ಕಳೆದ 7 ದಿನದಲ್ಲಿ" ಎಂಬ ಕಾಲಮನ್ನೂ ಅದರ ಪಕ್ಕದಲ್ಲೇ ಸೇರಿಸಿದ್ದರು. ಏಳು ದಿನದ ಲೆಕ್ಕ ಹೇಳುವಾಗ ಜನ ಹೆಚ್ಚು ಖರ್ಚು ಹೇಳುತ್ತಾರೆ ಎಂಬುದು ಹಿಂದಿನ ಪ್ರಾಯೋಗಿಕ ಸಮೀಕ್ಷೆಗಳಿಂದ ತಿಳಿದಿತ್ತು. ಎರಡೂ ಕಾಲಮು ಅಕ್ಕಪಕ್ಕ ಇದ್ದಾಗ ಒಂದರ ಉತ್ತರ ಇನ್ನೊಂದರ ಮೇಲೆ ಪ್ರಭಾವ ಬೀರಿರಬಹುದು. ಬಡತನ ಎಷ್ಟು ಇಳಿಯಿತು, ಕಾಗದದ ಮೇಲೆ ಎಷ್ಟು ಇಳಿಯಿತು ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಪ್ರಶ್ನಾವಳಿಯ ಒಂದು ಕಾಲಮಿನಿಂದ ಕೋಟ್ಯಂತರ ಜನ ರೇಖೆಯ ಮೇಲೋ ಕೆಳಗೋ ಸರಿದುಬಿಡಬಹುದು. ಆ ರೇಖೆಯ ಮೇಲೆ ರೇಷನ್ ಕಾರ್ಡು, ವಿದ್ಯಾರ್ಥಿವೇತನಗಳಂಥ ಸೌಲಭ್ಯಗಳ ವಾದಗಳು ನಿಂತಿರುತ್ತವೆ.

ನಮ್ಮ ರಾಜ್ಯದಲ್ಲೂ ಇಂಥ ಅಳತೆಗೆ ಬಹಳ ಬೆಲೆ ಇದೆ. ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಪ್ರಾದೇಶಿಕ ಅಸಮತೋಲನದ ವರದಿ ಕೊಟ್ಟಿತು. 35 ಸೂಚಕಗಳನ್ನು ಬಳಸಿ ಆಗಿನ 175 ತಾಲ್ಲೂಕುಗಳನ್ನು ಅಳೆದು, 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು ಎಂದು ಗುರುತಿಸಿತು. ಯಾವ ಸೂಚಕ ಸೇರಬೇಕು, ಯಾವುದಕ್ಕೆ ಎಷ್ಟು ತೂಕ ಎಂಬ ನಿರ್ಧಾರ ಬದಲಾದರೆ ತಾಲ್ಲೂಕಿನ ಸ್ಥಾನವೂ ಬದಲಾಗುತ್ತದೆ. ಅದರ ಹಿಂದೆಯೇ ಅನುದಾನದ ಮಾತೂ ಬರುತ್ತದೆ.

ಹಳ್ಳಿಯ ಭಾಷೆ ಬಲ್ಲವರು ಬೇಕು

ಕ್ಷೇತ್ರಕಾರ್ಯದ ತರಬೇತಿಯಲ್ಲಿ ಕಲಿಯುವ ಮೊದಲ ಪಾಠ ಎಂದರೆ "ನಿಮ್ಮ ಆದಾಯ ಎಷ್ಟು?" ಎಂದು ರೈತನನ್ನು ನೇರವಾಗಿ ಕೇಳಬಾರದು ಎಂಬುದು. ಕೇಳಿದರೆ, "ಏನಿದೆ ಸ್ವಾಮಿ, ಹೊಟ್ಟೆ ಬಟ್ಟೆಗೆ ಸಾಕು" ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ. ಅವನು ಆದಾಯವನ್ನು ತಿಂಗಳ ಸಂಬಳದ ಹಾಗೆ ಯೋಚಿಸುವುದಿಲ್ಲ, ಅಷ್ಟೇ. ಎಷ್ಟು ಮೂಟೆ ಬಂತು, ಬಿತ್ತನೆಗೆ ಎಷ್ಟು ತೆಗೆದಿಟ್ಟಿರಿ, ಮನೆಗೆ ಎಷ್ಟು, ಮಾರಿದ್ದು ಎಷ್ಟು, ಕೋರಿಗೆ ಮಾಡಿದ್ದಾದರೆ ಜಮೀನಿನವರಿಗೆ ಎಷ್ಟು ಅಳೆದಿರಿ ಎಂದು ಬಿಡಿಬಿಡಿಯಾಗಿ ಕೇಳಬೇಕು. ಕಳೆ ತೆಗೆಯಲು ನೆರೆಯವರು ಮುಯ್ಯಾಳಾಗಿ ಬಂದಿದ್ದರೆ ಅಲ್ಲಿ ಹಣ ಕೈ ಬದಲಾಗಿಲ್ಲ. ಆದರೆ ಅದಕ್ಕೆ ಬೆಲೆ ಇಲ್ಲವೆಂದೇನೂ ಅಲ್ಲ. ಮನೆಯ ಹೆಂಗಸು ಹಿಂಡಿದ ಹಾಲು, ತಂದ ಸೌದೆ, ಕಾದ ಕುರಿ ಇವು ಕೆಲಸವೋ ಅಲ್ಲವೋ ಎಂಬ ಪ್ರಶ್ನೆಯೂ ಬರುತ್ತದೆ.

ಇನ್ನೊಂದು ಉದಾಹರಣೆ ಸಾಲದ್ದು. "ನೂರಕ್ಕೆ ಮೂರರಂತೆ ತಂದಿದ್ದೀನಿ" ಎಂದು ಹಳ್ಳಿಯಲ್ಲಿ ಹೇಳಿದರೆ ಅದು ತಿಂಗಳ ಬಡ್ಡಿ. ವರ್ಷಕ್ಕೆ ಶೇ. 36. ಇದು ತಿಳಿಯದವರು ಬ್ಯಾಂಕಿನ ರೂಢಿಯಂತೆ ವರ್ಷಕ್ಕೆ ಶೇ. 3 ಎಂದು ಬರೆದುಕೊಂಡರೆ, ಊರಿನಲ್ಲೆಲ್ಲ ಅಗ್ಗದ ಸಾಲ ಸಿಗುತ್ತಿದೆ ಎಂದು ವರದಿ ಹೇಳುತ್ತದೆ. ಗಣಕಯಂತ್ರ ಎಷ್ಟೇ ಚೆನ್ನಾಗಿ ಲೆಕ್ಕ ಮಾಡಿದರೂ ಆ ತಪ್ಪನ್ನು ತಿದ್ದಲಾರದು.

ಹಳ್ಳಿಯಿಂದ, ಸಣ್ಣ ಊರಿನಿಂದ ಬಂದ, ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗಳು ಈ ವಿಷಯಕ್ಕೆ ಬರಬೇಕು ಎಂದು ನಾವು ಹೇಳುವುದು ಇದಕ್ಕಾಗಿಯೇ. ಗಣಿತ, ಇಂಗ್ಲಿಷ್‌ಗಳಲ್ಲಿ ನೀವು ಹಿಂದೆ ಇರಬಹುದು. ಅವನ್ನು ಕಲಿಯಬಹುದು. ಮುಯ್ಯಿ, ಕೋರು, ಕೈಗಡ ಎಂದರೇನು ಎಂಬುದನ್ನು ಮಾತ್ರ ನೀವು ಬದುಕಿನಿಂದಲೇ ಕಲಿತು ಬಂದಿರುತ್ತೀರಿ.

ಸಿದ್ಧತೆ ಹೇಗೆ?

ಮೊದಲನೆಯದು ಗಣಿತ. ಪಿ.ಯು.ಸಿ.ಯಲ್ಲಿ ಗಣಿತ ಓದದವರು ಪದವಿಯ ಮೂರು ವರ್ಷದಲ್ಲಿ ಕಲನಶಾಸ್ತ್ರ, ಮ್ಯಾಟ್ರಿಕ್ಸ್, ಸಂಭಾವ್ಯತೆ ಇವುಗಳ ಮೊದಲ ಪಾಠಗಳನ್ನು ಪಿ.ಯು.ಸಿ. ಪಠ್ಯಪುಸ್ತಕದಿಂದಲೇ ಅಭ್ಯಾಸ ಮಾಡಿಕೊಳ್ಳಬೇಕು. ದಿನಕ್ಕೆ ಒಂದು ಗಂಟೆ ಸಾಕು, ಆದರೆ ಪೆನ್ಸಿಲ್ ಹಿಡಿದು ಲೆಕ್ಕ ಮಾಡಬೇಕು. ಎರಡನೆಯದು ಇಂಗ್ಲಿಷ್. ಸಂಶೋಧನಾ ಲೇಖನಗಳು ಬಹುಪಾಲು ಅದರಲ್ಲೇ ಇವೆ. ಪತ್ರಿಕೆಯ ಆರ್ಥಿಕ ಪುಟವನ್ನು ದಿನವೂ ಓದಿ, ಓದಿದ್ದನ್ನು ಕನ್ನಡದಲ್ಲಿ ಐದು ಸಾಲು ಬರೆದರೆ ಎರಡೂ ಭಾಷೆ ಹದವಾಗುತ್ತವೆ. ಮೂರನೆಯದು, ಜನಗಣತಿ, ಆರ್ಥಿಕ ಸಮೀಕ್ಷೆಗಳಂಥ ಸರ್ಕಾರಿ ವರದಿಗಳ ಕೋಷ್ಟಕ ಓದುವ ಅಭ್ಯಾಸ.

ಎಲ್ಲಿ ಓದಬಹುದು? ಮೈಸೂರು, ಕರ್ನಾಟಕ, ಬೆಂಗಳೂರು ಮುಂತಾದ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅರ್ಥಶಾಸ್ತ್ರದ ಎಂ.ಎ. ಇದೆ. ಹೊರಗೆ 1949ರಲ್ಲಿ ವಿ.ಕೆ.ಆರ್.ವಿ. ರಾವ್ ಅವರು ಕಟ್ಟಿದ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, ಪುಣೆಯ ಗೋಖಲೆ ಸಂಸ್ಥೆ, ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರ, ಮುಂಬಯಿಯ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ ಹೆಸರಾದವು. ಅದೇ ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದರು, ಪಿಎಚ್.ಡಿ. ಮಾಡಬಯಸುವವರಿಗೆ ಅದು ಹತ್ತಿರದ ಆಸರೆ. ಪ್ರವೇಶದ ನಿಯಮಗಳು ಬದಲಾಗುತ್ತಿರುತ್ತವೆ; ಆಯಾ ವರ್ಷದ ಪ್ರಕಟಣೆಯನ್ನೇ ನೋಡಿಕೊಳ್ಳಿ.

ಉದ್ಯೋಗದ ಬಗ್ಗೆಯೂ ಮುಚ್ಚುಮರೆ ಬೇಡ. ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೆ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಬೇಕೇ ಬೇಕು, ಆದರೆ ಹುದ್ದೆಗಳು ಬೆರಳೆಣಿಕೆಯಷ್ಟು. ರಿಸರ್ವ್ ಬ್ಯಾಂಕ್, ಸಂಶೋಧನಾ ಸಂಸ್ಥೆಗಳು, ಸ್ವಯಂಸೇವಾ ಸಂಸ್ಥೆಗಳು, ಪತ್ರಿಕೋದ್ಯಮ ಮತ್ತು ಅಧ್ಯಾಪನ ಇತರ ದಾರಿಗಳು. ಸಮೀಕ್ಷೆಯ ಕೆಲಸದಲ್ಲಿ ಆರಂಭದ ಸಂಬಳ ಕಡಿಮೆ, ಓಡಾಟ ಹೆಚ್ಚು. ಮನೆಯಲ್ಲಿ ತಂದೆ ತಾಯಿ ಎರಡು ವರ್ಷ ಕಾಯುವ ಸ್ಥಿತಿಯಲ್ಲಿ ಇಲ್ಲದಿದ್ದರೆ, ಮೊದಲು ಕೆಲಸಕ್ಕೆ ಸೇರಿ ಆಮೇಲೆ ಓದಿದರೆ ಅವಮಾನವೇನೂ ಇಲ್ಲ. ಮುಕ್ತ ವಿಶ್ವವಿದ್ಯಾಲಯದ ದಾರಿಯೂ ಇದೆ. ಹಾಗೆ ಬಂದವರಿಗೆ ಬಡ್ಡಿ, ಕೂಲಿ, ಬೆಲೆಗಳ ಅನುಭವ ಹೆಚ್ಚೇ ಇರುತ್ತದೆ.

ನೀವೇ ಮಾಡಿ ನೋಡಿ

ಕೊನೆಯದಾಗಿ ಒಂದು ಚಟುವಟಿಕೆ. ನಿಮ್ಮ ಬೀದಿಯ ಹತ್ತು ಮನೆಗಳನ್ನು ಆರಿಸಿಕೊಳ್ಳಿ. ಪರಿಚಯದ ಮನೆಗಳನ್ನೇ ಆರಿಸಬೇಡಿ. ಎಲ್ಲ ಮನೆಗಳ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಹತ್ತು ಚೀಟಿ ಎತ್ತಿ. ಹಿರಿಯರ ಅನುಮತಿ ಪಡೆದು ಎರಡೇ ಪ್ರಶ್ನೆ ಕೇಳಿ. ಒಂದು, ಕಳೆದ ಏಳು ದಿನದಲ್ಲಿ ಮನೆಯಲ್ಲಿ ಎಷ್ಟು ಅಡುಗೆ ಎಣ್ಣೆ ಖರ್ಚಾಯಿತು? ಎರಡು, ಕಳೆದ ಮೂವತ್ತು ದಿನದಲ್ಲಿ ಎಷ್ಟು? ಐದು ಮನೆಗಳಲ್ಲಿ ಮೊದಲ ಪ್ರಶ್ನೆಯನ್ನು ಮೊದಲು ಕೇಳಿ, ಉಳಿದ ಐದರಲ್ಲಿ ಎರಡನೆಯದನ್ನು ಮೊದಲು ಕೇಳಿ. ಏಳು ದಿನದ ಉತ್ತರವನ್ನು ತಿಂಗಳಿಗೆ ಪರಿವರ್ತಿಸಿ, ಎರಡನ್ನೂ ಪಕ್ಕಪಕ್ಕದಲ್ಲಿ ಬರೆಯಿರಿ. ಎರಡು ಉತ್ತರಗಳು ಹೊಂದುತ್ತವೆಯೇ? ಹೊಂದದಿದ್ದರೆ ಯಾವುದನ್ನು ನಂಬುತ್ತೀರಿ? ಏಕೆ?

ಉತ್ತರವನ್ನು ಒಂದು ಪುಟದಲ್ಲಿ ಬರೆದು ನಿಮ್ಮ ಅರ್ಥಶಾಸ್ತ್ರದ ಅಧ್ಯಾಪಕರಿಗೆ ತೋರಿಸಿ. ಆ ಪುಟ ಬರೆಯುವಾಗ ನಿಮಗೆ ಬೇಸರಕ್ಕಿಂತ ಕುತೂಹಲ ಹೆಚ್ಚಾಗಿದ್ದರೆ, ಮನೆಯಲ್ಲಿ "ಮುಂದೇನು?" ಎಂದು ಕೇಳಿದಾಗ ಈ ವಿಷಯದ ಹೆಸರನ್ನು ಧೈರ್ಯವಾಗಿ ಹೇಳಬಹುದು.